ಮುಂದಿನ ತಿಂಗಳು ಮತ್ತೆ ನೋಡುವುದು

"ಇದನ್ನೆಲ್ಲ ಸಾವಿನ ಮನೆಗೆ ಯಾಕಕ್ಕ ತಂದ್ರಿ?" ಎಂದು ತ್ಸೆಂಗ್ ತಗ್ಗಿದ ದನಿಯಲ್ಲಿ ಕೇಳುವಷ್ಟರಲ್ಲಿ ಬಾವ್‌ಜು ಚೀಲದಿಂದ ಚೀಟಿಗಳ ಎರಡನೆಯ ಕಟ್ಟನ್ನೂ ತೆಗೆದು ಅವನ ತೊಡೆಯ ಮೇಲಿಟ್ಟಾಗಿತ್ತು. ಕೀಲುಂಗ್ ಬಂದರಿನ ಮಳೆ ಶಾಮಿಯಾನದ ಮೇಲೆ ಬಡಿಯುತ್ತಿತ್ತು. ಹೂಗಳ ನಡುವೆ ಕೆ ಮೇಸ್ತ್ರಿಯ ಫೋಟೊ, ಬದುಕಿದ್ದಾಗ ಎಂದೂ ಕಟ್ಟದ ಟೈ ಕಟ್ಟಿಕೊಂಡು ಕೂತಿತ್ತು.

"ಓದಿ ಹೇಳಪ್ಪ. ಅವರ ಕೈಕೆಳಗೆ ಒಂಬತ್ತು ವರ್ಷ ಕೆಲಸ ಮಾಡಿದೋನು ನೀನು. ಹನ್ನೊಂದು ವರ್ಷ ನನ್ನಂಗಡಿ ಕರೆಂಟು ಚೆಕ್ ಮಾಡಿ ಕೊಟ್ಟ ಚೀಟಿಗಳು ಇವು. ನನಗೆ ಅರ್ಥ ಆಗೋದು ಕೊನೇ ಸಾಲು ಒಂದೇ."

ಆ ಸಾಲು ಎಲ್ಲದರಲ್ಲೂ ಇತ್ತು: 'ಮುಂದಿನ ತಿಂಗಳು ಮತ್ತೆ ನೋಡುವುದು.'

"ಅಂಗಡಿ ಮಾರ್ತಿದೀರಾ?"

"ಇಲ್ಲ. ಅವರು ನನ್ನಿಂದ ಮೋಸ ಹೋದ್ರಾ ಇಲ್ವಾ, ಅಷ್ಟು ತಿಳೀಬೇಕು."

*

ಬಾವ್‌ಜುವಿನದು ಮೀನುಂಡೆ ಸಾರಿನ ಅಂಗಡಿ. ಅಂಗಡಿಗಳ ತಪಾಸಣೆ ಆರು ತಿಂಗಳಿಗೊಮ್ಮೆ. ಕರೆಂಟು ಸೋರಿ ರೀಡಿಂಗ್ ಕೆಟ್ಟಿದ್ದರೆ ಮಾತ್ರ ಮರು ತಿಂಗಳೇ ಬರಬೇಕು. ಮೊದಲ ಸಲ ಅಂಗಡಿ ಹೊರಗಿನ ದೀಪದ ಬೋರ್ಡಿನ ಪ್ಲಗ್ಗಿಗೆ ನಿಜವಾಗಿಯೂ ಮಳೆನೀರು ಇಳಿದಿತ್ತು. ಮೇಸ್ತ್ರಿ ಮರಳಿ ಬಂದರು, ಸಾರು ಕುಡಿದರು, ಉಪ್ಪು ಕಡಿಮೆ ಎಂದರು. ಗಂಡ ಸತ್ತ ಮೇಲೆ ಅವಳಿಗೆ ಹಾಗೆ ಹೇಳಿದವರೇ ಇರಲಿಲ್ಲ.

ಮುಂದಿನ ತಿಂಗಳು ಅವರು ಬರುವ ಗುರುವಾರ ಬೆಳಿಗ್ಗೆ ಬಾವ್‌ಜು ಸ್ಟೂಲು ಹತ್ತಿ ಪ್ಲಗ್ಗಿಗೆ ಒಂದು ಸೌಟು ನೀರು ಹುಯ್ದಳು. ಆಮೇಲೆ ಪ್ರತಿ ತಿಂಗಳೂ ಅದೇ. ಹುಯ್ಯುವ ಮೊದಲು ಮೇನ್ ಆಫ್ ಮಾಡಲು ಮರೆಯುತ್ತಿರಲಿಲ್ಲ. ಅದನ್ನು ಅವರೇ ಕಲಿಸಿದ್ದರು.

"ಏನೇ, ಆ ಕರೆಂಟಿನವನು ಮತ್ತೆ ಬಂದ್ನಾ?" ಎಂದು ಅತ್ತೆ ಮೇಲಂತಸ್ತಿನಿಂದ ಕೂಗುತ್ತಿದ್ದಳು.

"ರೀಡಿಂಗ್ ಕೆಟ್ಟಿದೆಯಂತೆ ಅತ್ತೆ."

"ಯಾರದು?"

ಮೇಸ್ತ್ರಿ ಕೆಮ್ಮಿ, "ಬೋರ್ಡಿಂದು, ಅಮ್ಮ" ಎನ್ನುತ್ತಿದ್ದರು.

ಅತ್ತೆ ತೀರಿಹೋಗಿ ಮೂರು ವರ್ಷವಾಗಿತ್ತು. ಕೇಳಿಸಿಕೊಳ್ಳುವವರು ಯಾರೂ ಇಲ್ಲದಿದ್ದರೂ ಆ ಮೂರು ವರ್ಷ ಅವರಿಬ್ಬರೂ ಬೋರ್ಡಿನ ವಿಷಯವನ್ನೇ ಮಾತಾಡಿದರು.

*

"ಅಕ್ಕ, ಇಲ್ಲಿ ಎರಡು ನಂಬರ್ ಇದೆ ನೋಡಿ," ಎಂದ ತ್ಸೆಂಗ್. "ಮೊದಲನೇದು ಒದ್ದೆ ಇದ್ದಾಗಿಂದು. ಸೊನ್ನೆ ಹತ್ರ, ಅಂದ್ರೆ ಕರೆಂಟು ಸೋರ್ತಿದೆ. ಎರಡನೇದು ಒರೆಸಿ ಒಣಗಿಸಿದ ಮೇಲೆ. ಒಂದಿದ್ರೆ ಸಾಕು, ನಿಮ್ಮದು ಐವತ್ತು. ಪ್ರತಿ ಸಲಾನೂ."

"ಒರೆಸ್ತಿದ್ರಾ? ಯಾವಾಗ? ನನ್ನನ್ನ ಸಾರು ಬಿಸಿ ಮಾಡು ಅಂತ ಒಳಗೆ ಕಳಿಸೋರು..."

"ಆವಾಗ್ಲೇ." ತ್ಸೆಂಗ್ ಇನ್ನಷ್ಟು ಹಾಳೆ ಮಗುಚಿದ. "ಐವತ್ತು ಬಂದ ಮೇಲೆ ಆರು ತಿಂಗಳು ತಿರುಗಿ ನೋಡೋ ಹಾಗಿಲ್ಲ. ಆಫೀಸಲ್ಲಿ ನಿಮ್ಮ ಅಂಗಡಿದು ವರ್ಷಕ್ಕೆ ಎರಡೇ ಚೀಟಿ ಇರೋದು. ಗುರುವಾರ ಅವರಿಗೆ ರಜೆ, ಅಕ್ಕ."

ಒಂದು ಜುಲೈ ತಿಂಗಳ ಚೀಟಿಯನ್ನು ಅವನು ಮುಖದ ಹತ್ತಿರ ಹಿಡಿದ. ಷರಾ ಇರಬೇಕಾದ ಕಡೆ ಮೇಸ್ತ್ರಿಯ ಸಣ್ಣ ಅಕ್ಷರ: 'ಇಪ್ಪತ್ತು ದಿನದಿಂದ ಮಳೆಯಿಲ್ಲ. ಪ್ಲಗ್ ಒದ್ದೆ. ಸಾರಿನ ವಾಸನೆ.'

ಬಾವ್‌ಜು ಚೀಟಿಯನ್ನು ಅವನ ಕೈಯಿಂದ ಕಸಿದುಕೊಂಡಳು.

"ಎಲ್ಲ ಗೊತ್ತಿತ್ತು! ಒಂದು ಮಾತು ಆಡಬಾರದಿತ್ತಾ ಆ ಮುದುಕಪ್ಪ?"

"ನೀವು ಆಡಿದ್ರಾ?"

ಅವಳು ಚೀಟಿಗಳನ್ನು ಒಟ್ಟುಮಾಡಿ ಕಟ್ಟತೊಡಗಿದಳು.

ಮಳೆ ನಿಂತಾಗ, ಪರಲೋಕದಲ್ಲಿ ಮೇಸ್ತ್ರಿಗೆ ಸಿಗಲೆಂದು ಕಾಗದದ ಮನೆಯನ್ನು ಸುಡಲು ಹೊರಗೆ ತಂದರು: ಎರಡು ಅಂತಸ್ತು, ಫ್ರಿಜ್ಜು, ಕಾರು, ಬಾಗಿಲಲ್ಲಿ ಇಬ್ಬರು ಆಳುಗಳು. ತ್ಸೆಂಗ್ ಬಗ್ಗಿ ನೋಡಿ, "ಮೇನ್ ಸ್ವಿಚ್ಚೇ ಇಲ್ಲ. ಮೇಸ್ತ್ರಿ ಒಳಗೆ ಕಾಲಿಡೋದಿಲ್ಲ ಬಿಡಿ," ಎಂದ.

"ಹೋಗಿ ಅವನೇ ಹಾಕ್ಕೋತಾನೆ, ಸುಮ್ನಿರೋ," ಎಂದಳು ಮೇಸ್ತ್ರಿಯ ಅಕ್ಕ ಮೇಲ್ಯೆನ್.

ದಿಕ್ಕಿಲ್ಲದ ದೆವ್ವಗಳು ನುಗ್ಗಿ ದೋಚದಂತೆ, ಮನೆ ಉರಿಯುವಾಗ ಸತ್ತವರ ಮನೆಯವರು ಸುತ್ತಲೂ ಕೆಂಪು ದಾರ ಹಿಡಿದು ನಿಲ್ಲಬೇಕು. ಹೊರಗಿನವರು ದೂರ. ಮದುವೆಯಾಗದ ಮೇಸ್ತ್ರಿಗೆ ಇದ್ದವರು ಅಕ್ಕ ಮತ್ತು ಅವಳ ಇಬ್ಬರು ಗಂಡುಮಕ್ಕಳು. ನಾಲ್ಕನೆಯ ಮೂಲೆಯಲ್ಲಿ ದಾರ ಜೋತು ನೆಲಕ್ಕೆ ತಾಗಿತ್ತು.

ಮೇಲ್ಯೆನ್ ಜನರ ಕಡೆ ತಿರುಗಿದಳು. ಚೀಲ ಅಪ್ಪಿಕೊಂಡು ಹಿಂದೆ ನಿಂತವಳ ಮೇಲೆ ಕಣ್ಣು ನಿಂತಿತು.

"ಸಾರಿನಂಗಡಿಯವಳು ನೀನೇ ಏನಮ್ಮ?"

"ಹೌದು."

"ತಿಂಗಳಲ್ಲಿ ಒಂದು ಗುರುವಾರ ಅಂಗಿಗೆ ಎರಡು ಸಲ ಇಸ್ತ್ರಿ ಮಾಡಿಸೋನು. ಯಾಕೋ ಅಂದ್ರೆ ಡ್ಯೂಟಿ ಅನ್ನೋನು. ಬಾ, ಇಲ್ಲಿ ಹಿಡ್ಕೋ."

ಬಾವ್‌ಜು ಚೀಲವನ್ನು ತ್ಸೆಂಗ್‌ಗೆ ಕೊಟ್ಟು ದಾರ ಎತ್ತಿಕೊಂಡಳು. ಮೇಲ್ಯೆನ್‌ಳ ಹಿರಿಯ ಮಗ ಬೆಂಕಿಯಾಚೆ ನಿಂತಿದ್ದ; ಅವನ ಕೈ ಆ ಎಳೆತಕ್ಕೆ ತುಸು ಮುಂದೆ ಬಂತು. ಯಾರೆಂದು ತಲೆಯೆತ್ತಿ ನೋಡಿದ ಅವನು, ತನ್ನ ಕಡೆಯಿಂದಲೂ ದಾರವನ್ನು ಬಿಗಿಯಾಗಿ ಹಿಡಿದ.