ಬಚ್ಚಿಟ್ಟ ಹಲ್ಲೆಲೂಯ

ಬಚ್ಚಿಡುವುದರಲ್ಲಿ ಪಾದ್ರಿಯಮ್ಮ ಲಾಕ್‌ಹಾರ್ಟ್ ಅವರನ್ನು ಮೀರಿಸುವವರು ಇಡೀ ವರ್ಜೀನಿಯದಲ್ಲೇ ಇರಲಿಲ್ಲ. ಎಲ್ಲಿಟ್ಟೆ ಅಂತ ಮರೆಯುವುದರಲ್ಲೂ ಅಷ್ಟೇ.

ಅವರು ಪಾದ್ರಿಯಾಗಿರುವ ಹೆಣ್ಣುಮಕ್ಕಳ ಶಾಲೆಯಲ್ಲಿ ಈಸ್ಟರ್‌ಗೆ ಮುಂಚಿನ ಉಪವಾಸ ಕಾಲ ಶುರುವಾಗುವ ಮುನ್ನಾದಿನ, ಐದನೇ ತರಗತಿಯವರು ‘ಹಲ್ಲೆಲೂಯ’ ಎಂದು ಹೊಲಿದ ಬಾವುಟವನ್ನು ಪೆಟ್ಟಿಗೆಯಲ್ಲಿಟ್ಟು ಅವರ ಕೈಗೆ ಕೊಡುತ್ತಾರೆ. ಅವರು ಬಚ್ಚಿಡುತ್ತಾರೆ. ಈಸ್ಟರ್‌ವರೆಗೆ ದೇವರನ್ನು ಕೊಂಡಾಡುವ ಆ ಸಂಭ್ರಮದ ಮಾತನ್ನು ಯಾರೂ ಆಡುವಂತಿಲ್ಲ. ಆಡಿದವರು ಶಾಲೆಯ ಪ್ರಾರ್ಥನಾಮಂದಿರ ಚಾಪೆಲ್‌ನ ಹಿತ್ತಾಳೆ ದೀಪಸ್ತಂಭಗಳನ್ನು ಉಜ್ಜಬೇಕು.

ಈಸ್ಟರ್ ಮುಗಿದು ಶಾಲೆ ತೆರೆಯುವ ಮಂಗಳವಾರ ಬಾವುಟ ಹಿಡಿದು ಮೆರವಣಿಗೆಯ ಮುಂದೆ ನಡೆಯುವ ಚೀಟಿ ಈ ಸಲ ಐದನೇ ತರಗತಿಯ ಟಾಬಿತಾ ಯಾನ್ಸಿಗೆ ಎದ್ದಿತ್ತು. ಮನೆತನದ ಹೆಸರಿನ ಇಂಗ್ಲಿಷ್ ಅಕ್ಷರದ ಪ್ರಕಾರ ಸಾಲು ನಿಲ್ಲಿಸುವ ಆ ಶಾಲೆಯಲ್ಲಿ ಪಾಪ, ‘ವೈ’ ಅಕ್ಷರದ ಅವಳು ಯಾವಾಗಲೂ ಬಾಲ. ಐದು ವರ್ಷದಿಂದ ಅವಳು ಕಂಡದ್ದು ಮುಂದಿನವಳ ಜಡೆಯೊಂದೇ.

ಈಸ್ಟರ್‌ಗೆ ಮೂರು ದಿನವಿರುವಾಗ ಪಾದ್ರಿಯಮ್ಮ ಅವಳನ್ನು ಪಕ್ಕಕ್ಕೆ ಕರೆದರು.

“ಪುಟ್ಟಾ, ಆ ಪೆಟ್ಟಿಗೆ ಎಲ್ಲೋ ಇಟ್ಬಿಟ್ಟೆ ಕಣೇ. ಆರ್ಗನ್ ವಾದ್ಯದ ಹಿಂದೆ ನೋಡ್ದೆ, ಗಂಟೆ ಗೋಪುರ ಹತ್ತಿದೆ. ಯಾರ ಕೈಗೂ ಸಿಗಬಾರ್ದು ಅಂತ ಇಟ್ರೆ ನನ್ನ ಕೈಗೇ ಸಿಗ್ತಿಲ್ಲ.”

“ಅಯ್ಯೋ! ನಾನೇನು ಖಾಲಿ ಕೋಲು ಹಿಡ್ಕೊಂಡು ಹೋಗ್ಲಾ?”

“ಸಿಗದಿದ್ರೆ ನೀನು ನಿನ್ನ ಜಾಗದಲ್ಲೇ ನಿಲ್ಬೇಕಾಗುತ್ತೆ.”

“ಕನ್ನಡಕ ತಲೆ ಮೇಲಿಟ್ಕೊಂಡು ಊರೆಲ್ಲಾ ಹುಡುಕೋರ ಕೈಗೆ ಕೊಟ್ವಲ್ಲ, ನಮ್ಗೆ ಬುದ್ಧಿ ಇಲ್ಲ,” ಎಂದಳು ಟಾಬಿತಾ. ಅವಳ ಬಾಯಿ ಸುಮ್ಮನಿರುವಂಥದ್ದಲ್ಲ.

ಆ ಬಾಯಿಂದಲೇ ಅವಳು ಕೆಟ್ಟಿದ್ದಳು. ಹಿಂದಿನ ದಿನ ಆಟದಲ್ಲಿ ಗೆಳತಿ ಗೋಲು ಹೊಡೆದಾಗ ‘ಹಲ್ಲೆಲೂಯ’ ಎಂದು ಕಿರುಚಿ ಸಿಕ್ಕಿಬಿದ್ದಿದ್ದಳು. ಈ ದಿನ ಶಾಲೆ ಬಿಟ್ಟ ಮೇಲೆ ಆ ದಂಡ ತೀರಿಸಲು ಮುಖ ಊದಿಸಿಕೊಂಡೇ ಚಾಪೆಲ್‌ಗೆ ಹೋಗಿ, ಹಿತ್ತಾಳೆ ಉಜ್ಜುವ ಸಾಮಾನಿನ ಬೀರು ತೆಗೆದಳು. ಯಾವ ಹುಡುಗಿಯೂ ತಾನಾಗಿ ಮುಟ್ಟದ ಬೀರು ಅದು. ಚಿಂದಿ ಬಟ್ಟೆಗಳ ಅಡಿಯಲ್ಲಿ ಪೆಟ್ಟಿಗೆ ಇತ್ತು!

ಆ ಮಾತು ತುಟಿಗೇ ಬಂತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಪೆಟ್ಟಿಗೆ ಎತ್ತಿಕೊಂಡು, ಬೆಂಚುಗಳ ಕೆಳಗೆ ತೂರಿ ಹುಡುಕುತ್ತಿದ್ದ ಪಾದ್ರಿಯಮ್ಮನ ಮುಂದೆ ಹಿಡಿದಳು.

“ಹಲ್ಲೆಲೂಯ!” ಎಂದು ಕೂಗಿಯೇಬಿಟ್ಟರು ಪಾದ್ರಿಯಮ್ಮ. ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡರು.

ಟಾಬಿತಾ ಒಂದು ಚಿಂದಿ ಬಟ್ಟೆ ತಂದು ಅವರ ಕೈಗಿತ್ತಳು.

“ಎಡಗಡೆ ಸಾಲು ನಂದು. ಬಲಗಡೆದು ನಿಮ್ದು.”

ಇಬ್ಬರೂ ಉಜ್ಜತೊಡಗಿದರು. “ಮಂಗಳವಾರ ಎಲ್ರಿಗಿಂತ ಮುಂದೆ ನೀನು,” ಎಂದರು ಪಾದ್ರಿಯಮ್ಮ. “ಮೆರವಣಿಗೇಲಿ ಪಾದ್ರಿ ಕೊನೆಗೆ ಬರೋದು ಪದ್ಧತಿ ನೋಡು, ನಾನು ಎಲ್ರಿಗಿಂತ ಹಿಂದೆ.”

“ಹಿಂದಿಂದ ಏನೂ ಕಾಣಲ್ಲ ಪಾದ್ರಿಯಮ್ಮ, ನಂಗೊತ್ತು,” ಎಂದಳು ಟಾಬಿತಾ. “ಬಾವುಟ ನಿಮ್ಗೂ ಕಾಣೋ ಹಾಗೆ ಎತ್ತಿ ಹಿಡೀತೀನಿ ಬಿಡಿ.”