ಮೇಸ್ತ್ರಿಯ ಮೂರು ಬೆಣೆ

ಟೈಲ್ಸ್ ಮೇಸ್ತ್ರಿಗೆ ಒಂದು ಚಾಳಿ. ಯಾರ ಮನೆಗೆ ಹೋದರೂ ಕೂರುವ ಮೊದಲೇ ಗೋಡೆ ತಟ್ಟಿ ನೋಡಬೇಕು. ಗಾರೆ ಕಚ್ಚಿದೆಯೋ, ಒಳಗೆ ಟೊಳ್ಳಿದೆಯೋ ಎಂದು ಶಬ್ದದಲ್ಲೇ ಹೇಳಿಬಿಡುತ್ತಿದ್ದ. ನೆಂಟರ ಬಚ್ಚಲನ್ನೂ ಬಿಟ್ಟವನಲ್ಲ. ಹೆಂಡತಿ, ಮಗಳು ಇಬ್ಬರೂ ಬೈದು ಬೈದು ಸುಸ್ತಾಗಿದ್ದರು.

ಮಗಳಿಗೆ ಬಂಡೆ ಹತ್ತುವ ಹುಚ್ಚು. ಆರು ವರ್ಷದಿಂದ ಪ್ರತಿ ಭಾನುವಾರ ಅವಳು ಮನೆ ಸೇರುವ ತನಕ ಇವನು ಜೀವ ಕೈಯಲ್ಲಿ ಹಿಡಿದು ಕೂರುತ್ತಿದ್ದ. ಈಗ ಅವಳೊಡನೆ ಸರದಿಯ ಮೇಲೆ ಹಗ್ಗ ಹಿಡಿಯುತ್ತಿದ್ದ ಜೊತೆಗಾತಿ ಬೇರೆ ಊರು ಸೇರಿದ್ದಳು. ಹಗ್ಗ ನಾನೇ ಹಿಡಿಯುತ್ತೇನೆ ಎಂದ ಮೇಸ್ತ್ರಿ. ಇಷ್ಟು ವರ್ಷ ತನ್ನ ಮಗಳನ್ನು ಬೀಳದಂತೆ ಹಿಡಿದು ನಿಲ್ಲಿಸಿದ್ದಾದರೂ ಏನು ಎಂಬ ಕುತೂಹಲ ಅವನನ್ನು ಕೊರೆಯುತ್ತಿತ್ತು. ಮಗಳು ಷರತ್ತು ಹಾಕಿದಳು: ಬಂಡೆಯ ತಲೆಯ ಮೇಲೆ ಹಗ್ಗಕ್ಕೆ ಆಧಾರ ಕಟ್ಟಲು ಕಲಿಯಬೇಕು, ಅದು ಒಪ್ಪಿಗೆಯಾದರೆ ಅಪ್ಪನ ಹಗ್ಗ, ಇಲ್ಲವಾದರೆ ಯಾರಾದರೂ ಹೊಸಬರ ಜೊತೆ. ಹೊಸಬರು ಎಂದ ಕೂಡಲೇ ಮೇಸ್ತ್ರಿ ಷರತ್ತಿಗೆ ಒಪ್ಪಿಬಿಟ್ಟ.

ಭಾನುವಾರ ಬಂಡೆಯ ಹಿಂಬದಿಯ ಕಾಲುದಾರಿಯಲ್ಲಿ ಇಬ್ಬರೂ ಮೇಲೆ ಬಂದರು. ಮಗಳು ಚೀಲ ಸುರಿದಳು: ಹೆಬ್ಬೆರಳ ಗಾತ್ರದ ಲೋಹದ ಬೆಣೆಗಳು, ಕೊಂಡಿಗಳು, ನೈಲಾನ್ ಪಟ್ಟಿಗಳು. ಬಿರುಕು ಕೆಳಗೆ ಕಿರಿದಾಗುವಲ್ಲಿ ಬೆಣೆ ಇಳಿಸಿ ಎಳೆದರೆ ಕಚ್ಚಿಕೊಳ್ಳುತ್ತದೆ. ಅಂಥವು ಮೂರು. ಮೂರರ ಪಟ್ಟಿಯನ್ನೂ ಒಂದೇ ಗಂಟಿಗೆ ತರಬೇಕು. ಭಾರ ಹಂಚಿಹೋಗಬೇಕು, ಒಂದು ಕಿತ್ತರೆ ಉಳಿದೆರಡು ತಡೆಯಬೇಕು. ನಾಲ್ಕು ಯಾಕಲ್ಲ, ಬಿಸಿಲಿಗೆ ಕಲ್ಲು ಹಿಗ್ಗಿದರೆ ಏನು ಗತಿ ಎಂದು ಮೇಸ್ತ್ರಿ ಅವಳ ತಲೆ ತಿಂದ.

ಅವನು ಕಟ್ಟಿದ್ದು ನೋಡಲು ಬಲು ಚೆಂದವಿತ್ತು. ಮೂರೂ ಪಟ್ಟಿ ಒಂದೇ ಅಳತೆ, ಗಂಟು ನಟ್ಟನಡುವೆ, ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಮಗಳು ಗಂಟನ್ನು ಹಿಡಿದು, ತಾನು ಹತ್ತಿಬರುವ ಎಡಗಡೆಗೆ ಜಗ್ಗಿದಳು. ಎರಡು ಪಟ್ಟಿ ಜೋತುಬಿದ್ದವು. ಭಾರವೆಲ್ಲ ಬಲತುದಿಯ ಒಂದೇ ಬೆಣೆಯ ಮೇಲೆ.

"ಅಪ್ಪ, ಇದು ನೆಲ ಅಲ್ಲ, ಅಂದ ನೋಡ್ಬೇಡ. ನಾನು ಬಿದ್ರೆ ಯಾವ ಕಡೆ ಎಳೆಯುತ್ತೆ ಅಂತ ನೋಡು."

ಮೂವತ್ತು ವರ್ಷ ದಾರ ಹಿಡಿದು ಮಟ್ಟ ನೋಡಿದವನಿಗೆ ನಾಚಿಕೆಯಾಯಿತು. ಮಗಳು ಮಾದರಿ ತೋರಿಸಲು ತನ್ನ ಮಾಮೂಲಿ ಬಿರುಕಿಗೆ ಹೋದಳು. ಆರು ವರ್ಷದಿಂದ ಅಲ್ಲೇ ಕಟ್ಟುತ್ತಿದ್ದಳಂತೆ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮೂರು ಬೆಣೆ ಕೂತವು. ಎಡಕ್ಕೆ ಜಗ್ಗಿದರೆ ಮೂರೂ ಬಿಗಿ. ಮೇಸ್ತ್ರಿ ತಲೆದೂಗಿದ. ಆದರೆ ಕೈ ಸುಮ್ಮನಿರಬೇಕಲ್ಲ. ಒಂದು ಬೆಣಚುಕಲ್ಲು ಎತ್ತಿಕೊಂಡು ಬಿರುಕಿನ ಅಂಚನ್ನು ತಟ್ಟಿದ. ಡಬ್. ಒಂದು ಮಾರು ಆಚೆ ತಟ್ಟಿದ. ಟಣ್. ಮತ್ತೆ ಅಂಚಿಗೆ ಬಂದ. ಡಬ್. ಅದು ಬಂಡೆಯಿಂದ ಬಿಟ್ಟುಕೊಂಡಿದ್ದ ಮಂಚದಗಲದ ಚಕ್ಕೆ, ಹಿಂದೆ ಬರೀ ಗಾಳಿ.

"ಮಗಳೇ, ನಿನ್ನ ಮೂರೂ ಬೆಣೆ ಇದೊಂದು ಚಕ್ಕೆ ನಂಬ್ಕೊಂಡು ಕೂತಿವೆ. ಇದು ಬಿಟ್ರೆ ಮೂರೂ ಹೋಗುತ್ತೆ. ಹಾಗಾದ್ರೆ ಇದು ಮೂರಾ, ಒಂದಾ?"

ಮಗಳು ಕಲ್ಲು ಇಸಿದುಕೊಂಡು ತಾನೇ ತಟ್ಟಿದಳು. ಇನ್ನೊಮ್ಮೆ ತಟ್ಟಿದಳು. ಇದೇ ಚಕ್ಕೆಗೆ ತನ್ನನ್ನು ಕಟ್ಟಿಕೊಂಡು, ಜೊತೆಗಾತಿಯನ್ನು ಎಷ್ಟು ಭಾನುವಾರ ಮೇಲೆ ಹತ್ತಿಸಿದ್ದಳೋ. ಇಷ್ಟು ವರ್ಷ ಮಗಳನ್ನು ಹಿಡಿದು ನಿಲ್ಲಿಸಿದ್ದು ಏನು ಎಂಬ ಮೇಸ್ತ್ರಿಯ ಪ್ರಶ್ನೆಗೆ ಉತ್ತರವೇನೋ ಸಿಕ್ಕಿತ್ತು, ಸಿಗದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಬೆಣೆಗಳನ್ನು ಕಿತ್ತು ಅವಳು ಅಪ್ಪನ ಅಂಗೈಗೆ ಹಾಕಿದಳು. ಮೇಸ್ತ್ರಿ ಮಂಡಿಯೂರಿ ಬಂಡೆಯುದ್ದಕ್ಕೂ ತಟ್ಟುತ್ತಾ ಹೋಗಿ ಎರಡು ಗಟ್ಟಿ ಬಿರುಕು ಹುಡುಕಿದ. ಒಂದರಲ್ಲಿ ಎರಡು ಬೆಣೆ, ಇನ್ನೊಂದರಲ್ಲಿ ಒಂದು. ಪಟ್ಟಿಗಳು ಉದ್ದಗಿಡ್ಡ, ಗಂಟು ಎಡಕ್ಕೆ ಓರೆ. ಅವನ ಕೆಲಸ ಎಂದರೆ ಯಾರೂ ನಂಬುತ್ತಿರಲಿಲ್ಲ. ಮಗಳು ನಾಲ್ಕು ಸಲ ಜಗ್ಗಿ ನೋಡಿದಳು. ಅವನನ್ನೂ ಆ ಗಂಟಿಗೆ ಭದ್ರವಾಗಿ ಕಟ್ಟಿ, ಹಗ್ಗವನ್ನು ಅವನ ಕೈಗಿಟ್ಟು, ಅದರ ತುದಿಯನ್ನು ಕೆಳಕ್ಕೆ ಇಳಿಬಿಟ್ಟು, ಕಾಲುದಾರಿ ಹಿಡಿದು ಕೆಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಹಗ್ಗ ಎರಡು ಸಲ ಜಗ್ಗಿತು.

"ಅಪ್ಪ, ಕಟ್ಕೊಂಡಿದೀನಿ. ಹತ್ತಲಾ?"

ತಾಳು ಎಂದು ಕೂಗಿ ಮೇಸ್ತ್ರಿ ಬೆಣಚುಕಲ್ಲಿಗೆ ಕೈಹಾಕಿದ. ಬೈಗುಳ ಬರುತ್ತದೆ ಎಂದುಕೊಂಡಿದ್ದ.

"ತಟ್ಟಪ್ಪ," ಎಂದಳು ಮಗಳು ಕೆಳಗಿನಿಂದ. "ನಿಧಾನಕ್ಕೆ ತಟ್ಟಿ ನೋಡು. ನಾನಿಲ್ಲೇ ಇರ್ತೀನಿ."