ನಾನು ಉಕ್ಕಿಸಿದ ಹಾಲು

ನಾನು ಒಂದು ಸೀಮೆಎಣ್ಣೆಯ ಪಂಪ್ ಸ್ಟೋವ್. ಹಿತ್ತಾಳೆಯ ಹೊಟ್ಟೆ, ಮೂರು ಕಾಲು, ಮೂಗಿನ ತುದಿಯಲ್ಲಿ ಸಿಟ್ಟು. ಕಾರ್ಖಾನೆಯಲ್ಲಿ ಬಡಿಸಿಕೊಂಡು, ಬೆಸುಗೆ ಹಾಕಿಸಿಕೊಂಡು, ತಿಕ್ಕಿಸಿಕೊಂಡು ಹೊರಬಂದಾಗ ನನ್ನ ಮೈಯಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಈಗಿನವರಿಗೆ ನನ್ನ ಹೆಸರೂ ಗೊತ್ತಿಲ್ಲ, ಇರಲಿ. ಒಂದು ಕಾಲದಲ್ಲಿ ನಾನು ಭರ್ರೆಂದರೆ ನಾಲ್ಕು ಮನೆಗೆ ಕೇಳುತ್ತಿತ್ತು.

ಗದಗಿನ ಪಾತ್ರೆ ಅಂಗಡಿಯಿಂದ ನನ್ನನ್ನು ಕೊಂಡು ತಂದವಳು ನೀಲವ್ವ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆ ಸೇರಿದವಳು. ಆದರೆ ಯಾರಿಗೂ ಜಗ್ಗುವ ಹೆಂಗಸಲ್ಲ. ನಾನು ಹಟ ಹಿಡಿದರೆ ಪಿನ್ನು ಚುಚ್ಚಿ ಬೈಯುತ್ತಿದ್ದಳು. ಆಮೇಲೆ ಹುಣಸೆಹಣ್ಣು ಹಚ್ಚಿ ತಿಕ್ಕಿ ಮುದ್ದೂ ಮಾಡುತ್ತಿದ್ದಳು. ಅವಳ ಅಣ್ಣನ ಮಗಳು ಕಸ್ತೂರಿ ನನ್ನ ಪಕ್ಕದಲ್ಲೇ ಕುಳಿತು ಓದಿ ಬಿ.ಎ. ಮುಗಿಸಿದಳು. ನನ್ನ ಗದ್ದಲದಲ್ಲಿ ಓದಿ ಪಾಸಾಗುವುದೆಂದರೆ ಹುಡುಗಾಟವೇ? ಆ ಹುಡುಗಿಯ ಮೇಲೆ ನನಗೆ ಆಗಿನಿಂದಲೇ ಅಭಿಮಾನ.

ಧಾರವಾಡದ ವಿಶ್ವವಿದ್ಯಾಲಯದಲ್ಲಿ ಅವಳಿಗೆ ಎಂ.ಎ. ಸೀಟು ಸಿಕ್ಕಿತು, ಹಾಸ್ಟೆಲ್ಲಿನಲ್ಲಿ ಜಾಗ ಸಿಗಲಿಲ್ಲ; ಬಾಡಿಗೆಗೆ ಕೋಣೆ ಹುಡುಕಬೇಕಾಯಿತು. ಅಪ್ಪ ಒಂದೇ ಮಾತು ಹೇಳಿಬಿಟ್ಟ: “ಇವತ್ತ ಖೋಲಿ ಸಿಕ್ಕರ ಓದಲಿ. ಇಲ್ಲಾಂದ್ರ ಸಂಜಿ ಬಸ್ಸಿಗೆ ಬಂದುಬಿಡ್ರಿ. ಓದಿದ್ದು ಸಾಕು.”

ನೀಲವ್ವ ಹಾಸಿಗೆ ಸುತ್ತಿದಳು, ನನ್ನನ್ನು ಚೀಲಕ್ಕೆ ಇಳಿಸಿದಳು.

“ಖೋಲೀನ ಸಿಕ್ಕಿಲ್ಲ, ಸ್ಟೋ ಯಾಕ ಹೊರತಿ?” ಎಂದ ಅಣ್ಣ.

“ಸಿಕ್ಕ ಮ್ಯಾಲ ಹಾಲ ಎದರಮ್ಯಾಲ ಉಕ್ಕಸ್ಲಿ? ನಿನ್ನ ತಲಿಮ್ಯಾಲೇನು?”

ನಮ್ಮ ಕಡೆ ಹಾಗೆಯೇ. ಹೊಸ ಮನೆ ಹೊಕ್ಕವರು ಮೊದಲು ಹಾಲು ಉಕ್ಕಿಸಬೇಕು. ಉಕ್ಕಿತೆಂದರೆ ಆ ಮನೆ ಅವರಿಗೆ ಒಲಿಯಿತು.

ಧಾರವಾಡದಲ್ಲಿ ಇಳಿದು ಸಪ್ತಾಪುರದ ಓಣಿ ಓಣಿ ಸುತ್ತಿದೆವು. ಚೀಲದ ತೂತಿನಿಂದ ನನಗೆ ಕಂಡದ್ದು ಬರೀ ಹೊಸ್ತಿಲು ಮತ್ತು ಕಾಲುಗಳು. ಒಂದು ಮನೆಯಲ್ಲಿ ಯಾವ ಜಾತಿಯ ಮಂದಿ ಎಂದು ಕೇಳಿದರು. ಇನ್ನೊಂದರಲ್ಲಿ, ಹುಡುಗಿ ಒಬ್ಬಳೇ ಇರುತ್ತಾಳೆಯೇ ಎಂದು ಹುಬ್ಬು ಹಾರಿಸಿರಬೇಕು. ಕಾಲುಗಳು ಮಾತ್ರ ಹಿಂದೆ ಸರಿದು ಬಾಗಿಲು ಮುಚ್ಚಿದವು. ಕಸ್ತೂರಿ ಒಂದು ಕಡೆಯೂ ಗೋಗರೆಯಲಿಲ್ಲ. ಪ್ರತಿ ಸಲವೂ “ಆಗಲ್ರಿ” ಎಂದು ಚೀಲ ಎತ್ತಿಕೊಂಡಳು.

ಬಿಸಿಲು ಇಳಿಯುವ ಹೊತ್ತಿಗೆ ಕೊನೆಯ ಮನೆ ರಾಚಪ್ಪ ಮಾಸ್ತರರದು. ಅವರು ಪೇಟೆಗೆ ಹೋಗಿದ್ದರು. ಬಾಗಿಲು ತೆರೆದವಳು ಅವರ ಹೆಂಡತಿ ಅಂಬಕ್ಕ.

“ಖೋಲಿ ಐತಿ. ಆದರ ನಮ್ಮವರು ಹುಡಿಗ್ಯಾರಿಗೆ ಕೊಡಂಗಿಲ್ಲ ಅಂತಾರ,” ಎಂದಳು. ಆಮೇಲೆ ಬಾಗಿಲನ್ನು ಪೂರ್ತಿ ತೆರೆದಳು. “ಮೊದಲ ಚಾ ಕುಡೀರಿ. ನಮ್ಮ ಒಲಿ ಆರೇತಿ. ಆ ಚೀಲದಾಗ ಸ್ಟೋ ಐತೆಲ್ಲ? ಖೋಲ್ಯಾಗ ಕುಂತು ಹಚ್ಚರಿ, ನಾ ಹಾಲ ತರತೀನಿ.”

ಒಳಗಿನಿಂದ ಅನ್ನ ಕುದಿಯುವ ವಾಸನೆ ಬರುತ್ತಿತ್ತು. ಒಲೆ ಆರಿದ ಮನೆಯಲ್ಲಿ ಅನ್ನ ಹೇಗೆ ಕುದಿಯುತ್ತದೆ ಎಂದು ನಾನು ಯೋಚಿಸಲಿಲ್ಲ. ಪಾತ್ರೆಯ ತುಂಬ, ಕಂಠದವರೆಗೆ ಹಾಲು ತಂದಿಟ್ಟಳು. ನೀಲವ್ವ ನನ್ನನ್ನು ಹಚ್ಚಿ, ಗಾಳಿ ಹಾಕಿ, ಹಾಲಿಟ್ಟು, ಕೈಕಾಲು ತೊಳೆಯಲು ನಳದ ಕಡೆ ಹೋದಳು. ಅಂಬಕ್ಕ ನನ್ನ ಕಡೆ ಬೆನ್ನು ಮಾಡಿ ನಿಂತು ಕಸ್ತೂರಿಯನ್ನು ಮಾತಿಗೆಳೆದಳು. ಏನು ಓದುತ್ತಿ, ಯಾಕೆ ಓದುತ್ತಿ, ಅವ್ವ ಹೇಗಿದ್ದಾಳೆ, ಒಂದರ ಹಿಂದೊಂದು ಪ್ರಶ್ನೆ.

ಇದೇ ಸಮಯ ಎಂದುಕೊಂಡೆ ನಾನು. ಜನ್ಮದಲ್ಲಿ ಹಾಗೆ ಉರಿದಿರಲಿಲ್ಲ! ಹಾಲು ಬುಸ್ಸೆಂದು ಎದ್ದು, ಅಂಚು ದಾಟಿ, ನನ್ನ ಮೈಮೇಲೆಲ್ಲ ಸುರಿದು ನೆಲಕ್ಕೆ ಹರಿಯಿತು. ಅದೇ ಹೊತ್ತಿಗೆ ರಾಚಪ್ಪ ಮಾಸ್ತರರು ಬಾಗಿಲಲ್ಲಿ ಬಂದು ನಿಂತರು.

“ಏನಿದು? ಮನಿ ಹೊಕ್ಕೇಬಿಟ್ಟರೇನು?”

ನೀಲವ್ವ ಓಡಿ ಬಂದವಳೇ ಹೌದೆನ್ನಲು ಬಾಯಿ ತೆರೆದಳು. ಕಸ್ತೂರಿ ಅವಳ ಕೈ ಹಿಡಿದು ತಡೆದಳು.

“ಇಲ್ಲರೀ ಕಾಕಾ. ಚಾಕ್ಕ ಇಟ್ಟಿದ್ದು, ನೋಡಲಾರದ ಉಕ್ಕೇತಿ. ನೀವು ಬ್ಯಾಡಂದ್ರ ಒರಸಿ ಹೋಗ್ತೀವಿ,” ಎಂದು ಅರಿವೆ ಹಿಡಿದು ಬಗ್ಗಿದಳು. ಅವಳ ಕಣ್ಣೀರು ಹಾಲಿಗೇ ಬಿತ್ತು. ನಾನು ಕಂಡೆ.

ಮಾಸ್ತರರು ಹೊಸ್ತಿಲ ಹೊರಗೇ ಚಪ್ಪಲಿ ಬಿಟ್ಟರು.

“ಸುಳ್ಳ ಹೇಳಿದ್ದರ ಈಗ ಕಳಸತಿದ್ದೆ. ಇಷ್ಟು ಖರೇ ಹೇಳೋ ಹುಡುಗೀನ, ಹಾಲು ಉಕ್ಕಿದ ಖೋಲ್ಯಾಗಿಂದ ಹ್ಯಾಂಗ ಹೊರಗ ಹಾಕ್ಲಿ? ಏಳವಾ ತಂಗಿ.”

ಆ ಸಂಜೆಯ ಬಸ್ಸಿಗೆ ನೀಲವ್ವ ಒಬ್ಬಳೇ ಹೋದಳು. ನಾನು ಕಸ್ತೂರಿಯ ಪಾಲಾದೆ.

ಆಮೇಲಿನದು ನನಗೆ ಹಬ್ಬ. ಅವಳು ಎಂ.ಎ. ಮುಗಿಸಿದಳು, ಕಾಲೇಜಿನಲ್ಲಿ ಪಾಠ ಹೇಳಿದಳು, ಧಾರವಾಡದಲ್ಲೇ ಮನೆ ಕಟ್ಟಿದಳು. ಇದಕ್ಕೆಲ್ಲ ನಾನೇ ಕಾರಣ ಎಂದು ಮನೆಯ ಪಾತ್ರೆಪಗಡಗಳ ಮುಂದೆ ಎಷ್ಟು ಬೀಗಿದ್ದೇನೋ! ಗ್ಯಾಸು ಬಂತು, ನನ್ನ ವಾಷರು ಒಣಗಿತು. ಈಗ ಅಡುಗೆಮನೆಯ ಮೇಲಟ್ಟದ ಅಂಚಿನಲ್ಲಿ ಕುಳಿತಿದ್ದೇನೆ. ಕಸ್ತೂರಿ ಮಹಡಿಯ ಖೋಲಿಯನ್ನು ಓದುವ ಹುಡುಗಿಯರಿಗೇ ಕೊಡುತ್ತಾಳೆ.

ಮೊನ್ನೆ ಒಬ್ಬಳು ಬಂದಳು. ಹೆಗಲ ಚೀಲ ಕೆಳಗಿಡಲೂ ಹೆದರುವ ಹುಡುಗಿ. “ನಾಕು ಮನ್ಯಾಗ ಇಲ್ಲ ಅಂದ್ರರೀ. ನೀವರ ಕೊಡ್ತೀರೇನ್ರಿ?” ಎಂದಳು. ಕಸ್ತೂರಿ ಅವಳನ್ನು ಅಡುಗೆಮನೆಗೆ ಕರೆತಂದಳು. ಪಾತ್ರೆಗೆ ಕಂಠದವರೆಗೆ ಹಾಲು ಸುರಿದಳು, ಗ್ಯಾಸು ಹಚ್ಚಿ ಉರಿ ದೊಡ್ಡದು ಮಾಡಿದಳು, ಒಲೆಗೆ ಬೆನ್ನು ಮಾಡಿ ನಿಂತಳು. ಏನು ಓದುತ್ತಿ, ಯಾಕೆ ಓದುತ್ತಿ, ಅವ್ವ ಹೇಗಿದ್ದಾಳೆ.

ಮೇಲಿನಿಂದ ನೋಡುತ್ತಿದ್ದ ನನಗೆ ಆಗ ಹೊಳೆಯಿತು. ಅಂದು ಅಂಬಕ್ಕನ ಒಲೆ ಆರಿರಲೇ ಇಲ್ಲ. ಅಬ್ಬಾ ಹೆಂಗಸೇ! ಇಷ್ಟು ವರ್ಷ ನನ್ನದೆಂದು ಮೆರೆದ ಪ್ರತಾಪವೆಲ್ಲ ಅವಳದು. ಕಸ್ತೂರಿಗೆ ಅದು ಯಾವಾಗ ತಿಳಿಯಿತೋ, ನನಗೆ ಹೇಳಲಿಲ್ಲ.

“ಅಯ್ಯೋ ಮೇಡಮ್ಮರೀ, ಹಾಲು!” ಎಂದು ಹುಡುಗಿ ಓಡಿ ಬಂದಳು.

“ಉಕ್ಕಲಿ ಬಿಡವಾ,” ಎಂದಳು ಕಸ್ತೂರಿ. “ಚೀಲ ಮ್ಯಾಲಿನ ಖೋಲ್ಯಾಗ ಇಟ್ಟ ಬಾ.”